ಬೀಗ ಹಾಕಿದ ಲೈಟಿನ ಕೆಳಗೆ ಶಿವಗಂಗವ್ವನ ರೊಟ್ಟಿ

ಪುಣೆಯ ಹಡಪಸರದ ಚಾಳಿನ ಅಂಗಳದಲ್ಲಿ ಇನ್ನೂ ಬೆಳಕು ಹರಿದಿಲ್ಲ. ಶಿವಗಂಗವ್ವ ಬಾಗಿಲ ಹೊರಗಿನ ಒಲೆಯ ಮುಂದೆ ಕೂತು ಜೋಳದ ರೊಟ್ಟಿ ಬಡಿಯುತ್ತಿದ್ದಾರೆ. ಹಲಗೆಯ ಮೇಲೆ ಅಂಗೈ ಬೀಳುವ ಸದ್ದು ಒಂದೇ ಸಮನೆ ಕೇಳುತ್ತದೆ. ರೊಟ್ಟಿಯನ್ನು ಮಣ್ಣಿನ ಹಂಚಿಗೆ ಹಾಕಿದ ಮೇಲೆ ಮಾತ್ರ ಕೈ ತಡವರಿಸುತ್ತದೆ. ಒದ್ದೆ ಬಟ್ಟೆಯಿಂದ ರೊಟ್ಟಿಯ ಮೈಗೆ ನೀರು ಸವರಿ, ಕಂದೀಲನ್ನು ಹತ್ತಿರ ಎಳೆದು, ಮುಖ ಬಗ್ಗಿಸಿ ನೋಡುತ್ತಾರೆ. ಆ ನೀರಿನ ಹೊಳಪು ಆರುವ ಮುನ್ನವೇ ರೊಟ್ಟಿಯನ್ನು ಮಗುಚಬೇಕು. ತಡವಾದರೆ ಮೈ ಸೀಳುತ್ತದೆ. ಈ ರೊಟ್ಟಿಯೂ ಸೀಳುತ್ತದೆ.

"ಮತ್ತ ಸೀಳ್ತು ನೋಡ್ರಿ," ಎಂದು ಪತ್ರಿಕೆಯ ಪುರವಣಿಗೆ ಬರೆಯಲು ಬಂದ ನನಗೆ ಹೇಳುತ್ತಾರೆ. "ಕಂದೀಲ ನೋಡ್ಲ್ಯಾ, ರೊಟ್ಟಿ ನೋಡ್ಲ್ಯಾ?"

ಅವರ ತಲೆಯ ಮೇಲೆ, ಬಾಗಿಲಿಗಿಂತ ತುಸು ಎತ್ತರದಲ್ಲಿ, ಗೋಡೆಯಿಂದ ಹೊರಚಾಚಿದ ಒಂದು ಹಳೆಯ ಲೈಟಿದೆ. ಅದರ ಕಬ್ಬಿಣದ ತೋಳು ತುಕ್ಕು ತಿಂದಿದೆ. ಅಂಗಳದ ಬಲ್ಬುಗಳನ್ನು ಯಾರೋ ಕದಿಯುತ್ತಿದ್ದರೆಂದು ಚಾಳಿನ ಮಾಲೀಕ ಅದಕ್ಕೆ ತಂತಿಯ ಪಂಜರ ಹೊದಿಸಿ ಬೀಗ ಹಾಕಿಸಿದ್ದಾನೆ. ಕಳ್ಳತನವೇನೋ ನಿಂತಿತು. ಆದರೆ ಈಗ ಆ ಪಂಜರದೊಳಗಿನ ಬಲ್ಬು ಕೆಟ್ಟುಹೋಗಿದೆ. ಕೀಲಿ ಮಾಲೀಕನ ಆಳು ಬಾಳುವಿನ ಸೊಂಟದಲ್ಲಿದೆ, ಬಾಳು ದಸರೆಗೆಂದು ಲೋಣಾವಳಾದ ಅಕ್ಕನ ಮನೆಗೆ ಹೋದವನು ಇನ್ನೂ ಬಂದಿಲ್ಲ.

"ಬಲ್ಬ್ ನಾ ತರ್ತೀನಿ ಅಂದೆ. ಕೀಲಿ ಇಲ್ಲ. ಬೀಗ ಒಡೀತೀನಿ ಅಂದೆ. ಮಾಲಕ ಪೊಲೀಸರಿಗೆ ಹೇಳ್ತಾನಂತ. ಒಂದು ಬಲ್ಬಿಗಿ ಜೇಲು ನೋಡ್ರಿ ಇದು. ಒಳಗ ಇದ್ದದ್ದು ಬಲ್ಬ್, ಶಿಕ್ಷಾ ನನಗ."

ಶಿವಗಂಗವ್ವ ಸುರಪುರದ ಕಡೆಯವರು. ಸಾವಿರದ ಒಂಬೈನೂರ ಎಪ್ಪತ್ತಮೂರರಲ್ಲಿ, ಇಲ್ಲಿ ಕಾರ್ಖಾನೆಗಳ ಕಟ್ಟಡ ಏಳುತ್ತಿದ್ದಾಗ, ಗಂಡ ಅಂಬಣ್ಣನ ಜೊತೆ ಬಂದು ಇಟ್ಟಿಗೆ ಹೊತ್ತರು. ಕಟ್ಟಡ ಮುಗಿಯುವಷ್ಟರಲ್ಲಿ ಇವರ ಸೊಂಟ ಹೋಗಿತ್ತು. ಅಂಬಣ್ಣ ದೇಹೂ ರೋಡಿನಲ್ಲೊಂದು ಗೋದಾಮು ಕಾಯುವ ಕೆಲಸ ಹಿಡಿದು, ವಾರಕ್ಕೊಮ್ಮೆ ಮನೆಗೆ ಬರುವಂತಾಯಿತು. ಇವರು ಒಲೆ ಹಚ್ಚಿದರು. ಈಗ ಎಂಟು ವರ್ಷಗಳ ಮೇಲೆ, ಮೊದಲ ಪಾಳಿಗೆ ಹೋಗುವ ನಮ್ಮ ಕಡೆಯ ಹುಡುಗರೆಲ್ಲ ಇವರ ಅಂಗಳಕ್ಕೆ ಬಂದು ರೊಟ್ಟಿ, ಪುಂಡಿಪಲ್ಯೆಯ ಗಂಟು ಕಟ್ಟಿಸಿಕೊಂಡು ಹೋಗುತ್ತಾರೆ. ದಿನಕ್ಕೆ ನೂರಕ್ಕೂ ಹೆಚ್ಚು ರೊಟ್ಟಿ. ಒಳಗಿನ ಕೋಣೆಯಲ್ಲಿ ಒಲೆಯ ಹೊಗೆಗೆ ದಾರಿಯಿಲ್ಲ. ಹೊರಗೆ ಕೂರಬೇಕು. ಹೊರಗೆ ಕೂತರೆ ಈ ಲೈಟು ಬೇಕು.

ಅಷ್ಟರಲ್ಲಿ ಮೊದಲ ಗಿರಾಕಿ ಭೀಮಣ್ಣ ಬರುತ್ತಾನೆ. ನಲ್ಲಿಯಲ್ಲಿ ಮುಖ ತೊಳೆದು, ಒಲೆಯ ಪಕ್ಕದಲ್ಲೇ ಕೈ ಕೊಡವುತ್ತಾನೆ.

"ಏ ಭಾಡ್ಯಾ, ಆ ಕಡೆ ಕೊಡವು. ಕಾದ ಹಂಚಿಗಿ ನೀರು ಬಿದ್ರ ಒಡೀತದ. ಹಂಚು ನಿಮ್ಮಪ್ಪ ತಂದು ಕೊಡ್ತಾನೇನು?"

ಭೀಮಣ್ಣ ನಗುತ್ತ ದೂರ ಸರಿದು ತನಗೆ ಕಟ್ಟಿಟ್ಟ ಗಂಟು ಬಿಚ್ಚಿ ನೋಡುತ್ತಾನೆ. ನಗು ನಿಲ್ಲುತ್ತದೆ. "ಅವ್ವಾ, ಇವತ್ತೂ ಸೀಳ್ಯಾವಲ್ಲಬೇ. ಮಧ್ಯಾಹ್ನಕ್ಕ ಬರೀ ಚೂರು ಉಳೀತದ. ನಮ್ಮ ಖೋಲಿ ಮಂದಿ ನಾಳಿಯಿಂದ ಕಾರ್ಖಾನಿ ಗೇಟಿನ ಹೋಟೆಲಿಗಿ ಹೋಗೂಣು ಅನ್ಲತ್ತಾರ. ನಾನೇ ತಡದು ಇಟ್ಟೀನಿ."

"ಎಷ್ಟು ದಿನ ತಡೀತಿ?"

"ಇವತ್ತೊಂದಿನ."

ಶಿವಗಂಗವ್ವ ಮುಂದಿನ ರೊಟ್ಟಿಯನ್ನು ಬೇಕಾದದ್ದಕ್ಕಿಂತ ಜೋರಾಗಿ ಬಡಿಯುತ್ತಾರೆ. ಭೀಮಣ್ಣನ ಕೋಣೆಯವರು ಹೋದರೆ ಉಳಿದವರೂ ಅವರ ಹಿಂದೆಯೇ ಹೋಗುತ್ತಾರೆ. ಆಮೇಲೆ ಈ ಒಲೆ ಹಚ್ಚುವುದು ಯಾರಿಗಾಗಿ?

ಬೆಳಕು ಮೂಡುವ ಹೊತ್ತಿಗೆ ಬಾಳು ಕೈಯಲ್ಲಿ ಚಿಕ್ಕಿಯ ಪೊಟ್ಟಣ ಹಿಡಿದು ಅಂಗಳಕ್ಕೆ ಕಾಲಿಡುತ್ತಾನೆ. ಇಡೀ ಚಾಳು ಅವನನ್ನು ಮುತ್ತುತ್ತದೆ. ಅವನು ಆಕಳಿಸುತ್ತ ಮರಾಠಿಯಲ್ಲಿ, "ಮಾವಶೀ, ಉದ್ಯಾ ಬಘೂ," ಎನ್ನುತ್ತಾನೆ. ಕೀಲಿಗೂ ನಾಳೆ, ಏಣಿಗೂ ನಾಳೆ, ಬಲ್ಬಿಗೂ ನಾಳೆ. ಹೀಗೆ ಹೇಳಿ ದಿನದಂತೆ ತನ್ನ ರೊಟ್ಟಿಯ ಗಂಟಿಗೆ ಕೈ ಚಾಚುತ್ತಾನೆ.

ಶಿವಗಂಗವ್ವ ಗಂಟನ್ನು ತಮ್ಮ ಬೆನ್ನ ಹಿಂದೆ ಇಟ್ಟುಕೊಳ್ಳುತ್ತಾರೆ. "ಉದ್ಯಾ," ಎನ್ನುತ್ತಾರೆ.

ಅಂಗಳ ನಗುತ್ತದೆ. ಬಾಳು ಸೊಂಟದಿಂದ ಕೀಲಿ ಬಿಚ್ಚುತ್ತಾನೆ.

ಕೀಲಿ ಸಿಕ್ಕ ಮೇಲಾದರೂ ಕೆಲಸ ಸುಲಭವಾಗಬೇಕಿತ್ತು. ತುಕ್ಕು ಹಿಡಿದ ಬೀಗ ತಿರುಗುವುದಿಲ್ಲ. ಅದಕ್ಕೆ ಸೀಮೆಎಣ್ಣೆ ಹಾಕಿ ಕಾಯಬೇಕಾಗುತ್ತದೆ. ಏಣಿಯ ಒಂದು ಮೆಟ್ಟಿಲು ಇಲ್ಲ. ಮೇಲೆ ಹತ್ತಿದವನು ಪಕ್ಕದ ಮನೆಯ ಗಾರೆ ಕೆಲಸದ ಅಂಬಾರಾಯ. ಅವನು ಬಲ್ಬನ್ನು ಒತ್ತಿ ತಿರುಗಿಸಿದರೆ ಗಾಜಿನ ಬುರುಡೆಯಷ್ಟೇ ಕೈಗೆ ಬರುತ್ತದೆ, ಹಿತ್ತಾಳೆಯ ಟೊಪ್ಪಿಗೆ ಹೋಲ್ಡರಿನಲ್ಲೇ ಕಚ್ಚಿಕೊಂಡಿದೆ. "ಮೇನ್ ಬಂದ್ ಐತೇನೋ?" ಎಂದು ಅಂಬಾರಾಯ ಕೂಗುತ್ತಾನೆ. ಬಾಳು "ಬಂದ್, ಬಂದ್," ಎನ್ನುತ್ತಾನೆ. ಅಂಬಾರಾಯನಿಗೆ ನಂಬಿಕೆಯಿಲ್ಲ, ಇಳಿದು ಹೋಗಿ ತಾನೇ ನೋಡಿ ಬರುತ್ತಾನೆ. ಬಂದ್ ಆಗಿರಲಿಲ್ಲ. ಬಾಳುವಿಗೆ ಶಿವಗಂಗವ್ವ ಆಗ ಹೇಳಿದ ಮಾತು ಪುರವಣಿಯಲ್ಲಿ ಅಚ್ಚಾಗುವಂಥದ್ದಲ್ಲ.

ಕೊನೆಗೆ ಇಕ್ಕಳದಿಂದ ಟೊಪ್ಪಿಗೆಯನ್ನು ಚೂರುಚೂರಾಗಿ ಕಿತ್ತು, ಹೊಸ ಬಲ್ಬು ಕೂರಿಸಿ, ಮೇನ್ ಹಾಕುತ್ತಾರೆ. ಲೈಟು ಹತ್ತುತ್ತದೆ. ಹಗಲಿನ ಬೆಳಕಿನಲ್ಲಿ ಅದು ಪೇಲವವಾಗಿ ಕಾಣುತ್ತದೆ. ಶಿವಗಂಗವ್ವ ಮಾತ್ರ ಕೈ ಮುಗಿದು, ಅದೇ ಉಸಿರಿನಲ್ಲಿ ಬಾಳುವಿನ ಕಡೆ ತಿರುಗುತ್ತಾರೆ. "ಹಳೇ ಬಲ್ಬ್ ತರ್ತಾನ್ರಿ ಇಂವ. ಹೋದ ವರ್ಷ ದಸರಾಕ್ಕೂ ಹೋತು, ಈ ವರ್ಷನೂ ದಸರಾಕ್ಕ ಹೋತು. ಖಂಡೇ ಪೂಜಾ, ಆಯುಧ ಪೂಜಾ ಅಂತೀರಲ್ಲ, ಮುಗಿಯೂದಕ್ಕ ತಡಾ ಇಲ್ಲ, ಟಪ್ ಅಂತು."

ಬಾಳು ತನ್ನ ಗಂಟು ಎತ್ತಿಕೊಂಡು ಹೋಗುತ್ತಾನೆ. ಅಂಬಾರಾಯ ಕೆಳಗಿಟ್ಟ ಹಳೆಯ ಬುರುಡೆ ಒಲೆಯ ಪಕ್ಕದಲ್ಲಿದೆ. ಬಾಳಿಕೆ ಮುಗಿದು ಹೋದ ಬಲ್ಬಿನ ಗಾಜು ಒಳಗೆ ಕಪ್ಪಾಗಿರುತ್ತದೆ. ಇದರ ಒಳಗೆ ಬಿಳಿ ಹೊಗೆ ಮೆತ್ತಿದೆ, ಎಂದರೆ ಉರಿಯುತ್ತಿದ್ದಾಗಲೇ ಎಲ್ಲಿಂದಲೋ ಗಾಳಿ ಹೊಕ್ಕಿದೆ. ತಿರುಗಿಸಿ ನೋಡಿದರೆ ಹೊಟ್ಟೆಯ ಮೇಲೆ ಕೂದಲೆಳೆಯಂಥ ಬಿರುಕು. ಬಿರುಕಿನ ಪಕ್ಕದಲ್ಲಿ ಒಣಗಿದ ಕುಂಕುಮ.

"ಪೂಜೆ ಹೇಗೆ ಮಾಡಿದಿರಿ?" ಎಂದು ಕೇಳುತ್ತೇನೆ.

"ಎಲ್ಲಾರು ಮಾಡ್ದಂಗ್ರಿ. ಅಂಬಾರಾಯ ತನ್ನ ಕರಣಿಗಿ ಮಾಡ್ತಾನ, ನಾನು ಹಂಚಿಗಿ, ಹಲಗಿಗಿ, ಈ ಲೈಟಿಗಿ ಮಾಡ್ತೀನಿ. ಇದೂ ನನ್ನ ಹತಾರ ಹೌದಲ್ರಿ? ಡಬ್ಬಿ ಮ್ಯಾಲ ಹತ್ತಿ, ಎಲಿಲಿಂದ ನೀರು ಚಿಮುಕಿಸಿ, ತಂತಿ ಸಂದ್ಯಾಗಿಂದ ಕುಂಕುಮ..."

"ಲೈಟು ಉರಿಯುತ್ತಿತ್ತೇ?"

"ಮತ್ತ? ಆರಿದ ದೀಪಕ್ಕ ಯಾರ್ರೀ ಪೂಜಾ ಮಾಡ್ತಾರ?"

ಹೇಳಿದ ಕೂಡಲೇ ಅವರ ಕಣ್ಣು ತಾವಾಗಿಯೇ ಒಲೆಯ ಮೇಲಿನ ಹಂಚಿಗೆ ಹೋಗುತ್ತದೆ. ಹಂಚಿನಿಂದ ಬುರುಡೆಗೆ. ಬುರುಡೆಯಿಂದ, ಬಾಳು ಹೋದ ದಾರಿಗೆ.

"ಹಂಚಿಗಿ ಪೂಜಾ ಮಾಡುಮುಂದ ತಣ್ಣಗ ಇರ್ತದ್ರಿ," ಎನ್ನುತ್ತಾರೆ. "ಇದು ಕಾದಿತ್ತು." ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ. "ಎರಡು ವರ್ಷ ಅವನಿಗಿ ಬೈದೀನಿ. ಚಾಳಿನ ಮಂದಿ ಕಡಿಂದೂ ಬೈಸೀನಿ."

ಹೊಸ ಲೈಟನ್ನು ಆರಿಸಲು ಯಾರಿಗೂ ನೆನಪಾಗಿಲ್ಲ. ಭೀಮಣ್ಣನ ಖೋಲಿಯವರಿಗೆ ನಾಳೆಯ ರೊಟ್ಟಿಯ ಮೇಲೆ ಭರವಸೆ ಮೂಡಲೆಂದು ಶಿವಗಂಗವ್ವ ಈಗಲೇ ಒಂದಿಷ್ಟು ಬಡಿದು ಕಳಿಸಲು ಕೂರುತ್ತಾರೆ. ಹಂಚಿನ ಮೇಲೆ ರೊಟ್ಟಿ, ರೊಟ್ಟಿಯ ಮೇಲೆ ನೀರು. ಈ ಸಲ ಮುಖ ಬಗ್ಗಿಸುವುದಿಲ್ಲ. ಕೂತಲ್ಲಿಂದಲೇ ಹೊಳಪು ನೋಡಿ ಮಗುಚುತ್ತಾರೆ. ರೊಟ್ಟಿ ಎಲ್ಲೂ ಬಿರಿಯದೆ ಉಬ್ಬುತ್ತದೆ.

ಇದನ್ನೆಲ್ಲ ಬರೆಯಬಹುದೇ ಎಂದು ಕೇಳಿದರೆ, ಕೈ ನಿಲ್ಲಿಸದೆಯೇ ಒಪ್ಪುತ್ತಾರೆ.

"ಬರೀರಿ. ಬಾಳೂಗ ಕನ್ನಡ ಓದಾಕ ಬರಂಗಿಲ್ಲ, ಅಂವಗ ನಾನೇ ಹೇಳ್ತೀನಿ. ರೊಟ್ಟಿ ಸೀಳಿದ್ದು ಮಾತ್ರ ಕತ್ತಲಾಗ ಅಂತ ಬರೀರಿ. ಬೆಳಕಿನ್ಯಾಗ ನನ್ನ ರೊಟ್ಟಿ ಎಂದೂ ಸೀಳಿಲ್ಲ."