ಬಿದ್ದವನನ್ನು ಎತ್ತುವ ಬಟನ್

ತಿಗನಾರೆಯ ಗರಡಿಯಲ್ಲಿ ಉಸ್ತಾದ್ ಚಿಕ್ಕಬೀರಯ್ಯ ಕಲಿಸುತ್ತಿದ್ದ ಮೊದಲ ಪಾಠ ಪಟ್ಟು ಹಾಕುವುದಲ್ಲ, ಕೈ ಕೊಡುವುದು. ಕೆಡವಿದವನೇ ಬಿದ್ದವನನ್ನು ಎತ್ತಿ ಬೆನ್ನಿನ ಮಣ್ಣು ಒರೆಸಬೇಕು. ಮರೆತವನು ಆ ವಾರವೆಲ್ಲ ಗರಡಿಯ ಕೆಮ್ಮಣ್ಣು ಮುಟ್ಟುವಂತಿರಲಿಲ್ಲ.

ರಾಗಿ ಹೊಲದಲ್ಲಿ ಆನೆ ತಳ್ಳಿ ಉಸ್ತಾದನ ಸೊಂಟ ಮುರಿದ ಮೇಲೆ ಗರಡಿಗೆ ಬೀಗ ಬಿತ್ತು. ಕುಳಿತರೆ ಏಳುವುದೇ ಕಷ್ಟ. ಆದರೂ ಕೈ ಕೊಡಲು ಬಂದವರನ್ನು ಗದರಿ, ಕಂಬ ತಬ್ಬಿ, ಹಲ್ಲು ಕಚ್ಚಿ ತಾನೇ ಏಳುತ್ತಿದ್ದ. ಮಗಳು ನೇತ್ರಳಿಗೂ ಅದೇ ಬೈಗುಳ.

ಕೊಯಮತ್ತೂರಿನ ಆಸ್ಪತ್ರೆಗೆ ಹೋದಾಗ ಅಂಗಡಿಯೊಂದರಲ್ಲಿ ಬೀರುವಿನಷ್ಟು ದೊಡ್ಡ ಮೆಷಿನ್ನಿನೊಳಗೆ ಇಬ್ಬರು ಗುದ್ದಾಡುವ ಆಟವನ್ನು ಅವನು ಕಣ್ಣು ಮಿಟುಕಿಸದೆ ನೋಡಿದ್ದ. ತೊಂಬತ್ತೈದರ ದೀಪಾವಳಿಗೆ ಅಲ್ಲಿನ ಮಿಲ್ಲಿನ ಕೆಲಸದಿಂದ ಊರಿಗೆ ಬಂದ ನೇತ್ರ ಅಂಗೈಯಗಲದ ಡಬ್ಬಿಯೊಂದನ್ನು ತಂದಳು.

“ಅದೇ ಆಟ ಕಣಪ್ಪ. ಈಗ ಇದ್ರೊಳಕ್ಕೆ ಇಳ್ಸವ್ರೆ.”

ಡಬ್ಬಿಯ ಗಾಜಿನೊಳಗೆ ಆಟದ ಬಣ್ಣ ಹೋಗಿತ್ತು, ಜಟ್ಟಿಗಳು ಇರುವೆಯಷ್ಟಾಗಿದ್ದರು. ಆದರೂ ಜಗಲಿಯಲ್ಲಿ ಕುಳಿತ ಚಿಕ್ಕಬೀರಯ್ಯನ ಹೆಬ್ಬೆರಳು ಬೇಗ ಪಳಗಿತು. ಎದುರಾಳಿ ಉರುಳಿಬಿದ್ದ. ಚಿಕ್ಕಬೀರಯ್ಯ ಒಂದೊಂದೇ ಬಟನ್ ಒತ್ತಿ ನೋಡಿದ, ಮುಖ ಗಂಟಿಕ್ಕಿದ.

“ಬಿದ್ದೋನ್ನ ಎತ್ತೋ ಬಟನ್ ಯಾವ್ದವ್ವಾ?”

“ಅಂಗೆಲ್ಲ ಇಲ್ಲ ಕಣಪ್ಪ. ಗೆದ್ದೋನು ಕುಣೀತಾನೆ, ಅಷ್ಟೇಯ.”

“ಥೂ! ಇದ್ಯಾವ ಸೀಮೆ ಗೆಲುವು?”

ಡಬ್ಬಿಯನ್ನು ಪಕ್ಕಕ್ಕಿಟ್ಟ. ಗಾಜಿನೊಳಗೆ ಬಿದ್ದವನು ಬಿದ್ದೇ ಇದ್ದ. ಚಿಕ್ಕಬೀರಯ್ಯ ಅವನನ್ನೇ ಬಹಳ ಹೊತ್ತು ನೋಡಿದ.

ನೇತ್ರ ಊಟಕ್ಕೆ ಕರೆದಳು. ಅವನು ಕಂಬದ ಕಡೆ ತಿರುಗಲಿಲ್ಲ.

“ಎತ್ತವ್ವಾ,” ಎಂದು ಮಗಳತ್ತ ಕೈ ಚಾಚಿದ.