ಅಕ್ಕನ ಹಣೆಯ ಕುಂಕುಮ

ಲಾಸ್ ಆಲ್ಟೋಸಿನಲ್ಲಿರುವ ನನ್ನ ಅಕ್ಕ ಹುಬ್ಬು ಮೇಲೆತ್ತುವ ಬ್ರೋ ಲಿಫ್ಟು ಆಪರೇಷನ್ ಮಾಡಿಸಿಕೊಂಡಾಗ ಹಣೆಯ ಮೂರು ಗೆರೆಗಳು ಹೋದವು. ಅಮ್ಮನ ಹಣೆಯಲ್ಲೂ ಅವೇ ಗೆರೆಗಳಿದ್ದವು. ಹುಬ್ಬುಗಳ ನಡುವಿನ ಸಣ್ಣ ತಗ್ಗೂ ಹೋಯಿತು. ಪ್ರತಿ ಹಬ್ಬಕ್ಕೂ ನಾನು ಅವಳಿಗೆ ಕುಂಕುಮ ಇಡುತ್ತಿದ್ದುದು ಅಲ್ಲೇ.

“ಆಫೀಸಲ್ಲಿ ಎಲ್ರೂ ಯಾಕೆ ಕೋಪ, ಯಾಕೆ ಸುಸ್ತು ಅಂತಾರೆ ಕಣೇ. ಮುಖಾನೇ ಹಾಗಿದ್ರೆ ಏನ್ ಮಾಡ್ಲಿ?” ಎಂದಿದ್ದಳು, ಆಪರೇಷನ್ನಿಗೆ ಮುಂಚೆ.

“ಇನ್ಮೇಲೆ ಯಾಕೆ ಗಾಬರಿ ಅಂತಾರೆ ಬಿಡು,” ಎಂದು ನಗಿಸಿದ್ದೆ.

ಕೂದಲೊಳಗಿನ ಹೊಲಿಗೆ ಬಿಚ್ಚಿದರು, ಊತ ಇಳಿಯಿತು, ಜ್ವರ ಗಿರ ಏನೂ ಬರಲಿಲ್ಲ. ದೇವರು ದೊಡ್ಡವನು. ಆದರೆ ಹಣೆ ಮರಗಟ್ಟಿತ್ತು. ಕೆಲವು ತಿಂಗಳಲ್ಲಿ ಸರಿಹೋಗುತ್ತದೆ, ಕೆಲವರಿಗೆ ಪೂರ್ತಿ ಹೋಗುವುದಿಲ್ಲ ಎಂದು ಡಾಕ್ಟರು ಮೊದಲೇ ಹೇಳಿದ್ದರಂತೆ. ಅದನ್ನು ಅವಳು ನನಗೆ ಹೇಳಿರಲಿಲ್ಲ.

ವರಮಹಾಲಕ್ಷ್ಮಿ ಹಬ್ಬಕ್ಕೆ ಸ್ಯಾನ್ ಹೊಸೆಯ ನಮ್ಮ ಮನೆಗೆ ಬಂದಳು. ಕಲಶಕ್ಕೆ ದೇವಿಯ ಬೆಳ್ಳಿ ಮುಖವಾಡ ಕಟ್ಟಿ ಸೀರೆ ಉಡಿಸಿದ್ದೆ. ಮೊದಲು ದೇವಿಗೆ ಕುಂಕುಮವಿಟ್ಟೆ. ಬೆಳ್ಳಿ ನುಣ್ಣಗೆ, ತಣ್ಣಗಿತ್ತು. ಆಮೇಲೆ ಪಕ್ಕದ ಮಣೆಯ ಮೇಲೆ ಕಣ್ಣು ಮುಚ್ಚಿ ಕುಳಿತಿದ್ದ ಅಕ್ಕನ ಕಡೆ ತಿರುಗಿದೆ. ಅಭ್ಯಾಸದ ಬೆರಳು ಆ ತಗ್ಗನ್ನು ಹುಡುಕಿತು; ಸಿಗದೆ ಜಾರಿತು. ಏರಿದ ಹುಬ್ಬಿನ ಅಳತೆಗೆ ಬೊಟ್ಟು ಮೇಲೆಲ್ಲೋ ಕೂತಿತು, ಪುಡಿ ಮೂಗಿನ ಮೇಲೆ ಉದುರಿತು. ಕೈ ತೆಗೆದು ಅಕ್ಷತೆಯ ತಟ್ಟೆ ಎತ್ತಿಕೊಂಡೆ. ಅಕ್ಕ ಕಾಯುತ್ತಲೇ ಇದ್ದಳು.

“ಇಡೇ ಬೇಗ, ಕಾಲು ಜೋಮು ಹಿಡೀತಿದೆ.”

“ಇಟ್ಟಾಯ್ತು ಅಕ್ಕಾ.”

ಕಣ್ಣು ತೆರೆದು ಹಣೆ ಮುಟ್ಟಿಕೊಂಡಳು. ಬೆರಳು ಕೆಂಪಾಗಿತ್ತು.

“ಹೀಗೇ ಉಳಿದ್ಬಿಟ್ರೆ?” ಎಂದಳು. ಕಣ್ಣೀರು ಇಳಿಯುತ್ತಿತ್ತು, ಹಣೆ ಅಲುಗಲಿಲ್ಲ. ಅವಳ ಪಕ್ಕದಲ್ಲಿ ದೇವಿಯ ಮುಖವೂ ಹಾಗೇ, ಹುಬ್ಬೆತ್ತಿಕೊಂಡು. ಎರಡೂ ನನ್ನನ್ನೇ ನೋಡುತ್ತಿದ್ದವು.

ಅಂದಿನಿಂದ ಪ್ರತಿ ಶುಕ್ರವಾರ ಅವಳ ಮನೆಗೆ ಹೋಗಿ, ಕಣ್ಣು ಮುಚ್ಚಿಸಿ ಕುಂಕುಮ ಇಟ್ಟೆ. ಪ್ರತಿ ಸಲವೂ “ಇಟ್ಯಾ?” ಎಂದೇ ಕೇಳಿದಳು. ದೀಪಾವಳಿ ಕಳೆದ ಮೇಲೊಂದು ಶುಕ್ರವಾರ, ಪಾತ್ರೆ ತೊಳೆದ ಕೈಯಲ್ಲೇ ಇಟ್ಟುಬಿಟ್ಟೆ.

“ಥೂ, ನಿನ್ ಕೈ ಏನೇ ಇಷ್ಟು ತಣ್ಣಗಿದೆ!”

ಆ ಬೈಗುಳಕ್ಕೆ ಅಂದೇ ತುಪ್ಪದ ದೀಪ ಹಚ್ಚಿದೆ.

ಈಗಲೂ ಬೆಳ್ಳಿ ಮುಖವಾಡಕ್ಕೆ ಕುಂಕುಮ ಇಟ್ಟೊಡನೆ ನಾನು ಕೈ ತೆಗೆಯುವುದಿಲ್ಲ. ದೇವಿ ಏನಾದರೂ ಅಂದಾಳೇನೋ ಎಂದು ಒಂದು ಗಳಿಗೆ ಕಾಯುತ್ತೇನೆ.