ಮನೆಗೆಲಸಕ್ಕೆ ಸೇರಿದ ಗಾಡಿ

ನಮ್ಮ ಬಾವಿಯಲ್ಲಿ ನೀರು ಸೇದುವಾಗ ಉಳಿದವರ ಬಾವಿಗಳಂತೆ ರಾಟೆ ಕಿರುಗುಟ್ಟುವುದಿಲ್ಲ, ಸ್ನೇಹಿತರೇ. ತೀರ ನಯವಾದ, ಎಣ್ಣೆ ಕುಡಿದ ಒಂದು ಸರಸರ ಮಾತ್ರ ಕೇಳುತ್ತದೆ. ಹೊಸದಾಗಿ ಬಂದ ನೆಂಟರು ಕೊಡ ಕೆಳಗಿಟ್ಟು ತಲೆಯೆತ್ತಿ ನೋಡುತ್ತಾರೆ. ಅಲ್ಲಿ ಅಡ್ಡತೊಲೆಗೆ ಬಿಗಿಸಿಕೊಂಡು, ಕಡ್ಡಿಗಳನ್ನು ಥಳಥಳಿಸುತ್ತ, ನನ್ನ ಮೋಟಾರ್ ಸೈಕಲ್ಲಿನ ಮುಂದಿನ ಗಾಲಿ ತಿರುಗುತ್ತಿರುತ್ತದೆ. ಟಯರು ಕೂರಬೇಕಾದ ತಗ್ಗಿನಲ್ಲಿ ಹಗ್ಗ ಕೂತಿರುತ್ತದೆ. ನೆಂಟರು ಸಭ್ಯರು, ಆಗ ಏನನ್ನೂ ಕೇಳುವುದಿಲ್ಲ; ಚಹಾ ಕುಡಿದು, ಸ್ನಾನಕ್ಕೆ ಹೋಗಿ, ಬಚ್ಚಲಲ್ಲಿ ಸೈಲೆನ್ಸರ್ ನೋಡಿದ ಮೇಲೆ ಕೇಳುತ್ತಾರೆ.

ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ. ಅಂಕೋಲೆಯಿಂದ ಕಾರವಾರದ ಕಚೇರಿಗೆ ನೌಕರಿಯ ಉದ್ದಕ್ಕೂ ನಾನು ಓಡಾಡಿದ್ದು ಆ ಗಾಡಿಯ ಮೇಲೆ. ಕಡಲ ಗಾಳಿಯ ಉಪ್ಪು ತಿಂದು ತಿಂದು ನಾನು ನಿವೃತ್ತನಾದ ವರ್ಷವೇ ಅದೂ ನಿಂತಿತು. ನನಗೆ ಶಾಲು ಹೊದಿಸಿ ಕಳಿಸಿದರು, ಅದಕ್ಕೆ ನಾನು ಗೋಣಿತಾಟು ಹೊದಿಸಿ ಹಿತ್ತಲ ಮಾಡಿನಡಿ ನಿಲ್ಲಿಸಿದೆ. ಗುಜರಿಗೆ ಕೊಡಲು ಮನಸ್ಸು ಬರಲಿಲ್ಲ. ಆದರೆ ನನ್ನ ಹೆಂಡತಿ ಶಾಲಿನಿಗೆ ಯಾವುದೇ ವಸ್ತು ಸುಮ್ಮನೆ ಕೂತಿರುವುದನ್ನು ನೋಡಿ ಗೊತ್ತಿಲ್ಲ. ನಿವೃತ್ತನಾದ ಗಂಡನನ್ನು ಮರುದಿನವೇ ತೆಂಗಿನಕಾಯಿ ಸುಲಿಯಲು ಕೂರಿಸಿದವಳು, ಗಾಡಿಗೆ ವಿನಾಯಿತಿ ಕೊಡುವಳೇ?

ಮೊದಲು ಹೋದದ್ದು ಬಲಗಡೆಯ ಕನ್ನಡಿ. ಅದು ಅಡುಗೆಮನೆಯ ಕಿಟಕಿಯ ಸರಳಿಗೆ ಏರಿತು. ಮೀನು ಬುಟ್ಟಿ ಹೊತ್ತವಳು ಓಣಿಯ ತಿರುವಿನಲ್ಲಿ ಕಾಣಿಸಿಕೊಂಡ ಕ್ಷಣವೇ ಒಲೆಯ ಮುಂದೆ ನಿಂತವಳಿಗೆ ಸುದ್ದಿ ಮುಟ್ಟುವಂತಾಗಿ, ನೆರೆಮನೆಯವರು ಚಪ್ಪಲಿ ಹುಡುಕುವಷ್ಟರಲ್ಲಿ ಒಳ್ಳೆಯ ಬಂಗಡೆಯೆಲ್ಲ ನಮ್ಮ ಪಾತ್ರೆಯಲ್ಲಿರತೊಡಗಿತು. ಈ ಯಶಸ್ಸಿನ ಬಳಿಕ ಗಾಡಿಗೆ ಉಳಿಗಾಲವಿರಲಿಲ್ಲ. ಸೈಲೆನ್ಸರ್ ಬಚ್ಚಲೊಲೆಯ ಹೊಗೆಯನ್ನು ಗೋಡೆಯಾಚೆಗೆ ಸಾಗಿಸುವ ಕೆಲಸಕ್ಕೆ ನಿಂತಿತು. ಹೊಗೆ ಉಗುಳುವುದು ಅದಕ್ಕೆ ಹೊಸದೇನೂ ಆಗಿರಲಿಲ್ಲ. ಮಡ್‌ಗಾರ್ಡು ಮಳೆಗಾಲದಲ್ಲಿ ಹಂಚಿನ ನೀರನ್ನು ಪೀಪಾಯಿಗೆ ಇಳಿಸಿತು. ಟ್ಯೂಬು ಬಳೆಬಳೆಯಾಗಿ ಕತ್ತರಿಸಿಕೊಂಡು ಉಪ್ಪಿನಕಾಯಿ ಭರಣಿಗಳ ಕೊರಳು ಬಿಗಿಯಿತು. ಬೀಸುಕಲ್ಲಿನ ಗೂಟ ಮುರಿದಾಗ ಆ ಜಾಗಕ್ಕೆ ಕಿಕ್ಕರ್ ಬಂತು. ಉಪ್ಪಿನಲ್ಲಿ ಹಾಕಿದ ಹಲಸಿನ ಸೊಳೆ ತೇಲದಂತೆ ಮುಚ್ಚಳದ ಮೇಲೆ ಎಂಜಿನ್ನಿನ ಸಿಲಿಂಡರನ್ನು ಹೇರಿದಾಗ ಮಾತ್ರ ನಾನು, ಊರಲ್ಲಿ ಕಲ್ಲಿಗೆ ಬರವೇ ಎಂದು ಕೇಳಿದೆ. ಕಲ್ಲಿಗೆ ಹಿಡಿದೆತ್ತಲು ಇಷ್ಟೊಂದು ಅಂಚುಗಳಿರುವುದಿಲ್ಲ ಎಂದು ಅವಳು ಹೇಳಿದಳು. ಎತ್ತಿ ನೋಡಿದೆ, ನಿಜವೇ. ಇನ್ನು ಸೀಟು, ಅದು ಅಡುಗೆಮನೆಯ ನೆಲಕ್ಕಿಳಿದು, ಅವಳು ಕಾಯಿ ತುರಿಯುವಾಗ ಕೂರುವ ಮಣೆಯಾಯಿತು.

ಗಾಡಿ ಹೀಗೆ ಮನೆಯೆಲ್ಲ ಹರಡಿಕೊಂಡ ಮೇಲೆ ಆಯುಧ ಪೂಜೆಯ ದಿನ ಒಂದು ಪ್ರಶ್ನೆ ಎದ್ದಿತು. ಪ್ರತಿವರ್ಷ ಪೂಜೆ ಪಡೆದ ಗಾಡಿಗೆ ಪೂಜೆ ತಪ್ಪಿಸಬಹುದೇ? ಶಾಲಿನಿಗೆ ಅದು ಪ್ರಶ್ನೆಯೇ ಅಲ್ಲ. ಗೊಂಡೆ ಹೂವಿನ ತಟ್ಟೆ ಹಿಡಿದು ಬಾವಿಗೆ ಹೋಗಿ ಗಾಲಿಗೆ ಹೂವಿಟ್ಟಳು, ಬಚ್ಚಲಿಗೆ ಹೋಗಿ ಸೈಲೆನ್ಸರಿಗೆ ಇಟ್ಟಳು, ಕಿಟಕಿಗೆ, ಭರಣಿಗೆ, ಬೀಸುಕಲ್ಲಿಗೆ. ನಾನು ಗಂಟೆ ಬಾರಿಸುತ್ತ ಹಿಂದೆ ಹಿಂದೆ ಹೋದೆ. ಅಂದಿನಿಂದ ಇದು ನಮ್ಮ ಮನೆಯ ಪದ್ಧತಿ. ದೇವರಿಗೂ ಇಷ್ಟು ಕಡೆ ಹೂವಿಡುವ ಮನೆ ನಮ್ಮದಲ್ಲ.

ಇದೆಲ್ಲ ಹೀಗೇ ನಡೆದುಹೋಗುತ್ತಿತ್ತು, ಆದರೆ ಕಳೆದ ಮಳೆಗಾಲದಲ್ಲಿ ನನ್ನ ಬಲಮಂಡಿ ಕೈಕೊಡತೊಡಗಿತು. ಮೆಟ್ಟಿಲು ಹತ್ತುವಾಗೊಮ್ಮೆ ಥಟ್ಟನೆ ಹೊಳೆಯಿತು: ಗಾಡಿಗೆ ಕಿಕ್ ಹೊಡೆಯುವುದು ಬಲಗಾಲು. ಗಾಡಿಯನ್ನು ಎಂದಾದರೊಂದು ದಿನ ಎಬ್ಬಿಸುತ್ತೇನೆಂದು ನಾನು ಒಳಗೊಳಗೇ ನಂಬಿಕೊಂಡಿದ್ದೆ. ಆ ಒಂದು ದಿನ ಈ ವರ್ಷ ಬರದಿದ್ದರೆ ಇನ್ನು ಬರುವುದಿಲ್ಲ. ಅದರ ಸದ್ದನ್ನು ಇನ್ನೊಮ್ಮೆ ಕೇಳಬೇಕು, ಬೇಲೆಕೇರಿಯವರೆಗಾದರೂ ಹೋಗಿ ಬರಬೇಕು ಎಂಬ ಆಸೆ ಎಷ್ಟು ಬಲವಾಯಿತೆಂದರೆ ಊಟ ರುಚಿಸದಾಯಿತು. ಬಾಳೆಗುಳಿಯ ಮೆಕ್ಯಾನಿಕ್ ಒಬ್ಬನನ್ನು ಕರೆತಂದೆ. ಅವನು ಮನೆಯನ್ನೆಲ್ಲ ಸುತ್ತಿ, ಭರಣಿಯ ಮುಚ್ಚಳ ತಟ್ಟಿ, ಬಚ್ಚಲಿಗೆ ಇಣುಕಿ, ಎಲ್ಲ ಸಾಮಾನು ಒಂದೇ ಕಡೆ ಸೇರಿದರೆ ಗಾಡಿ ಓಡುತ್ತದೆ ಎಂದು ಗಂಭೀರವಾಗಿ ಹೇಳಿಹೋದ.

ಶಾಲಿನಿ ಜಗಳ ಮಾಡುತ್ತಾಳೆಂದು ನಾನು ವಾದಗಳನ್ನು ಜೋಡಿಸಿಕೊಂಡಿದ್ದೆ. ಅವಳು ಎಲ್ಲವನ್ನೂ ತಾನೇ ಬಿಚ್ಚಿ ತಂದು, ಹುಣಸೆಹಣ್ಣು ಹಚ್ಚಿ ತಿಕ್ಕಿ, ಜಗಲಿಯ ಮೇಲೆ ಸಾಲಾಗಿ ಒಣಗಲಿಟ್ಟಳು. ಜೋಡಿಸಿಕೊಂಡ ವಾದಗಳೆಲ್ಲ ನನ್ನಲ್ಲೇ ಉಳಿದುವು.

ಆಮೇಲೆ ಮನೆ ಕೆಟ್ಟಿತು. ರಾಟೆಯಿಲ್ಲದ ಬಾವಿಯಿಂದ ಅವಳು ಕಟ್ಟೆಗೆ ಹಗ್ಗ ಉಜ್ಜುತ್ತ ಕೈಯಲ್ಲೇ ನೀರೆಳೆದಳು, ನನಗೆ ಬಗ್ಗಲಾಗುತ್ತಿರಲಿಲ್ಲ. ಬಚ್ಚಲಲ್ಲಿ ಹೊಗೆ ತುಂಬಿ ಇಬ್ಬರೂ ಕಣ್ಣೀರಿಡುತ್ತ ಸ್ನಾನ ಮಾಡಿದೆವು. ಹಲಸಿನ ಸೊಳೆ ತೇಲಿ ಬೂಸಲು ಹಿಡಿಯಿತು. ಬಂಗಡೆ ನೆರೆಮನೆಗೆ ಹೋಯಿತು, ನಮಗೆ ಅದರ ವಾಸನೆ ಬಂತು. ಅಂಗಳದಲ್ಲಿ ಮಾತ್ರ ಗಾಡಿ ದಿನದಿನಕ್ಕೆ ತುಂಬಿಕೊಳ್ಳುತ್ತ, ಹೊಸ ಟ್ಯೂಬು, ಟಯರು ತೊಟ್ಟು, ಆಯುಧ ಪೂಜೆಯ ಹೊತ್ತಿಗೆ ಮದುಮಗನಂತೆ ನಿಂತಿತು.

ಅಂದು ಬೆಳಿಗ್ಗೆ ಶಾಲಿನಿ ಹೂವಿನ ತಟ್ಟೆ ಹಿಡಿದು ಹೊರಟಳು. ಅಂಗಳಕ್ಕೆ ಬರುತ್ತಾಳೆಂದು ನಾನು ಗಂಟೆ ಹಿಡಿದು ಕಾದೆ. ಅವಳು ರೂಢಿಯ ಮೇಲೆ ನೇರ ಬಾವಿಗೆ ಹೋದಳು. ತಲೆಯೆತ್ತಿದಾಗ ಗಾಲಿ ಇರಲಿಲ್ಲ. ಒಂದು ಗಳಿಗೆ ನಿಂತು, ಖಾಲಿ ಅಡ್ಡತೊಲೆಯ ಮೇಲೇ ಹೂವಿಟ್ಟಳು. ಬಚ್ಚಲ ಗೋಡೆಯ ತೂತಿಗೆ ಒಂದು ಇಟ್ಟಳು. ಕಿಟಕಿಯ ಬರಿಯ ಸರಳಿಗೆ ಒಂದು. ಕಡೆಗೆ ಅಂಗಳಕ್ಕೆ ಬಂದಾಗ ತಟ್ಟೆಯಲ್ಲಿ ಉಳಿದದ್ದು ಒಂದೇ ಹೂವು. ಅದನ್ನು ಹ್ಯಾಂಡಲಿಗೆ ಸಿಕ್ಕಿಸಿದಳು. ನನಗೆ ಸಂಕಟವಾಯಿತು. ಗಂಟೆ ಬಾರಿಸುವುದನ್ನೂ ಮರೆತೆ.

ಸಂಕಟ ಮುಚ್ಚಿಕೊಳ್ಳಲು ಗಾಡಿ ಹತ್ತಿ ಕಿಕ್ ಹೊಡೆದೆ. ಗಾಡಿ ಕೆಮ್ಮಿತು. ಮತ್ತೆ ಹೊಡೆದೆ, ಮಂಡಿಯಲ್ಲಿ ಚಳುಕು ಎದ್ದು ಕಣ್ಣಿಗೆ ಕತ್ತಲೆ ಬಂತು. ಇಷ್ಟೆಲ್ಲ ಮಾಡಿ, ಮನೆಯನ್ನೆಲ್ಲ ಬಿಚ್ಚಿ, ಕಡೆಗೆ ಕಾಲೇ ಇಲ್ಲವಾಯಿತಲ್ಲ ಎಂದು ಹ್ಯಾಂಡಲು ಹಿಡಿದುಕೊಂಡು ನಿಂತುಬಿಟ್ಟೆ.

“ಬದಿಗೆ ಸರ್ಕಣಿ,” ಎಂದಳು ಶಾಲಿನಿ.

ತಟ್ಟೆ ಕೆಳಗಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಇಷ್ಟು ವರ್ಷ ಬೀಸುಕಲ್ಲಿನಲ್ಲಿ ತಿರುಗಿಸಿದ ಅದೇ ಕಿಕ್ಕರಿನ ಮೇಲೆ ಕಾಲಿಟ್ಟು ಒಂದೇ ಸಲ ಒತ್ತಿದಳು. ಗಾಡಿ ಹೊತ್ತಿಕೊಂಡಿತು. ಆ ಸದ್ದಿಗೆ ನನ್ನ ಕಣ್ಣು ತುಂಬಿತು, ಹೊಗೆಗಲ್ಲ. ಹಿಂದೆ ಕೂರು, ಈ ಸೀಟಿನ ಮೇಲೆ ಕೂತು ನಿನಗೆ ಎಷ್ಟು ಕಾಲವಾಯಿತೋ ಎಂದೆ.

“ನಾ ದಿನಾ ಇದ್ರ ಮೇಲೇ ಕೂತ್ಕಂಡಿದ್ದೆ,” ಎಂದಳು. “ಕೂರದೇ ಇದ್ದವ್ರು ನೀವು.”

ಬೇಲೆಕೇರಿಗೆ ಹೋದೆವು. ದೋಣಿಗಳನ್ನು ನೋಡಿದೆವು, ಬಂಗಡೆ ಕೊಂಡೆವು, ಬಂದೆವು. ದಾರಿಯುದ್ದಕ್ಕೂ ಅವಳ ಕೈ ನನ್ನ ಭುಜದ ಮೇಲಿತ್ತು. ಮನೆಗೆ ಬಂದವಳೇ ಮೀನು ತೊಳೆಯಲು ನೀರಿಗೆ ಹೋದಳು, ಖಾಲಿ ತೊಲೆಯ ಮೇಲಿನ ಹೂವಿನಡಿ ನಿಂತು ಹಗ್ಗ ಎಳೆಯತೊಡಗಿದಳು. ಆಗಲೇ ಸ್ಪ್ಯಾನರ್ ಹಿಡಿಯುತ್ತಿದ್ದೆ; ಆದರೆ ಪೂಜೆಗಿಟ್ಟ ಹತಾರವನ್ನು ಆ ದಿನ ಎತ್ತುವಂತಿಲ್ಲ. ಮರುದಿನ ವಿಜಯದಶಮಿ, ಏನನ್ನಾದರೂ ಆರಂಭಿಸಲು ಒಳ್ಳೆಯ ದಿನ. ಬೆಳಕು ಹರಿಯುತ್ತಲೇ ಮುಂದಿನ ಗಾಲಿಯನ್ನು ಬಿಚ್ಚಿದೆ. ಎಂತಕ್ಕೆ ಬಿಚ್ಚಿದ್ರಿ, ನಿನ್ನೆಯಷ್ಟೇ ಓಡಿತಲ್ಲ ಎಂದು ಅವಳು ಬಾಗಿಲಲ್ಲಿ ನಿಂತು ಕೇಳಿದಳು. ಬೇಲೆಕೇರಿ ನೋಡಿ ಆಯಿತು ಎಂದೆ.

ಈಗ ಮತ್ತೆ ಬಾವಿಯ ಮೇಲೆ ಆ ಸರಸರ ಕೇಳುತ್ತದೆ. ನಿಂತ ಗಾಡಿಯ ಗಾಲಿ ಎಂದು ನೆಂಟರಿಗೆ ಹೇಳುತ್ತಿದ್ದವನು ನಾನು, ಈಗ ಹಾಗೆ ಹೇಳುವುದಿಲ್ಲ. ಕಾರವಾರಕ್ಕೆ ಹೋಗಿಬರುತ್ತಿದ್ದಾಗ ಅದು ಎಷ್ಟೋ ಸಂಜೆ ನನ್ನನ್ನು ಬರಿಗೈಯಲ್ಲಿ ತಂದು ಬಿಟ್ಟಿದೆ. ಈ ದಾರಿಯಲ್ಲಿ ಅದು ಹೋದ ಸಲವೆಲ್ಲ ಒಂದು ಕೊಡ ನೀರು ತರುತ್ತದೆ.